ಮಗು ಗೊರಕೆ ಹೊಡೆಯುತ್ತಿದೆಯೇ? ಪಕ್ಕದಲ್ಲಿ ಕೂತು ಗಮನಿಸಿ

'ಪಾಪ, ಆಡಿ ಸುಸ್ತಾಗಿದೆ, ಅದಕ್ಕೇ ಗೊರಕೆ' ಎಂದು ಎಷ್ಟೋ ಮನೆಗಳಲ್ಲಿ ಸುಮ್ಮನಾಗುತ್ತಾರೆ. ನೆಗಡಿಯಾದಾಗ ಬರುವ ಗೊರಕೆಗೆ ಚಿಂತೆ ಬೇಡ. ಆದರೆ ನೆಗಡಿಯಿಲ್ಲದೆಯೂ ವಾರಕ್ಕೆ 3 ರಾತ್ರಿ ಅಥವಾ ಅದಕ್ಕಿಂತ ಜಾಸ್ತಿ ಗೊರಕೆ ಬಂದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ, ಇರಬಹುದು.

ಮೂಗಿನ ಹಿಂದಿನ ಅಡೆನಾಯ್ಡ್, ಗಂಟಲಿನ ಟಾನ್ಸಿಲ್ ದಪ್ಪಗಾಗಿ ಉಸಿರಿನ ದಾರಿ ಕಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಅರೆ ಎಚ್ಚರವಾಗಿ ಉಸಿರೆಳೆಸುತ್ತದೆ. ರಾತ್ರಿಯಿಡೀ ಇದೇ ಏರಿಳಿತ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ, ಗಮನ ಹಿಡಿದಿಡುವ ಮೆದುಳಿನ ಮುಂಭಾಗ ಇದಕ್ಕೆ ಬೇಗ ನಲುಗುತ್ತವೆ. 2ರಿಂದ 8 ವರ್ಷದೊಳಗೆ ಈ ತೊಂದರೆ ಹೆಚ್ಚು. ಮೆದುಳು ಭರದಿಂದ ಕಲಿಯುವ ವಯಸ್ಸೂ ಅದೇ ಅಲ್ವಾ?

ಮೊದಲು ಬೆಳಗಿನ ಜಾವ ಎದ್ದು ನೋಡಿ. ಕನಸಿನ ನಿದ್ದೆ ಆಗ ಹೆಚ್ಚು, ಉಸಿರು ಕಟ್ಟುವುದೂ ಆಗಲೇ ಹೆಚ್ಚು. ಹೊದಿಕೆ ಸರಿಸಿ, ಅಂಗಿ ಮೇಲೆತ್ತಿ. ಬಾಯಿ ತೆರೆದಿದೆಯೇ, ಕುತ್ತಿಗೆ ಹಿಂದಕ್ಕೆ ಬಾಗಿದೆಯೇ, ಉಸಿರೆಳೆದಾಗ ಎದೆ ಒಳಕ್ಕೆ ಹೋಗುತ್ತಿದೆಯೇ? ಗೊರಕೆ ಥಟ್ಟನೆ ನಿಂತು, ಸದ್ದೇ ಇಲ್ಲದೆ ಹೊಟ್ಟೆ ಮಾತ್ರ ಏರಿಳಿದು, ಆಮೇಲೆ 'ಗೊರ್' ಎಂದು ಉಸಿರು ಬಂದರೆ ಅದೇ ಮುಖ್ಯ ಸುಳಿವು. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ.

ಹಗಲನ್ನೂ ಗಮನಿಸಿ. ಇಂಥ ಮಕ್ಕಳು ದೊಡ್ಡವರಂತೆ ತೂಕಡಿಸುವುದು ಕಡಿಮೆ. ಕೂತಲ್ಲಿ ಕೂರುವುದಿಲ್ಲ, ಸಿಡುಕುತ್ತಾರೆ, ಪಾಠದಲ್ಲಿ ಹಿಂದೆ ಬೀಳುತ್ತಾರೆ. ತುಂಟತನ ಎಂದು ಬೈಸಿಕೊಳ್ಳುವವರಲ್ಲಿ ಇವರೂ ಇರುತ್ತಾರೆ. ಹಾಸಿಗೆ ಒದ್ದೆ ಮಾಡುವುದು ನಿಂತುಹೋಗಿದ್ದು ಮತ್ತೆ ಶುರುವಾದರೆ ಅದನ್ನೂ ಬರೆದಿಡಿ.

ಆಮೇಲೆ ವಿಡಿಯೊ ಹಿಡಿದು ಮಕ್ಕಳ ಡಾಕ್ಟರ್ ಅಥವಾ ಇಎನ್‌ಟಿ ತಜ್ಞರ ಬಳಿ ಹೋಗಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಸರಿಯಾಗಿ ತೋರಿಸಿತೆಂದು ನಿರಾಳರಾಗಬೇಡಿ. ಖಚಿತವಾಗಿ ತಿಳಿಯಲು ರಾತ್ರಿಯಿಡೀ ಮಾಡುವ ನಿದ್ದೆಯ ಪರೀಕ್ಷೆ ಬೇಕು. ಮಕ್ಕಳಲ್ಲಿ ಗಂಟೆಗೆ ಒಂದಕ್ಕಿಂತ ಹೆಚ್ಚು ಸಲ ಉಸಿರು ಕಟ್ಟಿದರೂ ಸಹಜವಲ್ಲ.

ತೊಂದರೆ ಕಡಿಮೆಯಿದ್ದರೆ ಮೂಗಿನ ಸ್ಪ್ರೇ ಕೊಟ್ಟು ಕಾದು ನೋಡುತ್ತಾರೆ. ಹೆಚ್ಚಿದ್ದರೆ ಟಾನ್ಸಿಲ್, ಅಡೆನಾಯ್ಡ್ ತೆಗೆಯುತ್ತಾರೆ. 5ರಿಂದ 9 ವರ್ಷದ 464 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಪರೇಷನ್ ಆದವರ ನಿದ್ದೆ, ನಡವಳಿಕೆ ಸುಧಾರಿಸಿತು. ಗಮನದ ಪರೀಕ್ಷೆಯ ಅಂಕದಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಆಪರೇಷನ್ ಆದ ಕೂಡಲೇ ಮಾರ್ಕ್ಸ್ ಏರಬೇಕೆಂದು ಮಗುವಿನ ಮೇಲೆ ಒತ್ತಡ ಹೇರಬೇಡಿ. ಗಾಯ ಮಾಗಿ ಒಂದೆರಡು ತಿಂಗಳಾದ ಮೇಲೆ ಮತ್ತೊಮ್ಮೆ ಉಸಿರು ಗಮನಿಸಿ. ತೂಕ ಜಾಸ್ತಿಯಿರುವ ಮಕ್ಕಳಲ್ಲಿ ತೊಂದರೆ ಉಳಿದುಕೊಳ್ಳುವುದುಂಟು. ಗೊರಕೆ ಮುಂದುವರಿದರೆ ಮತ್ತೆ ಪರೀಕ್ಷೆ ಮಾಡಿಸಿ.