ಹುಬ್ಬಳ್ಳಿಯ 1.5 ಟೆಸ್ಲಾ ಎಂಆರ್‌ಐ ಮಷಿನ್‌ನಲ್ಲೇ ಡಿಸಿಎಂ ಮಾಡಿದೆ

ಡಿಸಿಎಂ ಅಂದರೆ ಡೈನಾಮಿಕ್ ಕಾಸಲ್ ಮಾಡೆಲಿಂಗ್: ಕೆಲಸ ಮಾಡುವಾಗ ತೆಗೆದ ಮೆದುಳಿನ ಎಂಆರ್‌ಐ ಚಿತ್ರಗಳಿಂದ, ಯಾವ ಭಾಗ ಯಾವುದನ್ನು ಹುರಿದುಂಬಿಸುತ್ತದೆ (ಪ್ಲಸ್), ಯಾವುದನ್ನು ತಡೆಯುತ್ತದೆ (ಮೈನಸ್) ಅಂತ ಲೆಕ್ಕ ಹಾಕುವ ವಿಧಾನ. ಟೆಸ್ಲಾ ಅನ್ನೋದು ಮಷಿನ್‌ನ ಅಯಸ್ಕಾಂತದ ಬಲ. ‘3 ಟೆಸ್ಲಾ ಮಷಿನ್ ಇಲ್ದ ಡಿಸಿಎಂ ಮಾಡಾಕ ಹೋಗಬ್ಯಾಡ್ರಿ, ರೊಕ್ಕ ದಂಡ’ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಈಗ ಹತ್ತು-ಹನ್ನೆರಡು ಜನರ ಡೇಟಾ ಕೈಯಲ್ಲಿದೆ. ಎಲ್ಲಾ 1.5 ಟೆಸ್ಲಾದ್ದೇ, ಹುಬ್ಬಳ್ಳಿಯ ಖಾಸಗಿ ಸ್ಕ್ಯಾನ್ ಸೆಂಟರ್ ಒಂದರಲ್ಲಿ ರಾತ್ರಿ ಹೊತ್ತು ತೆಗೆದದ್ದು. ಬಲಗೈ ಮುಷ್ಟಿ ಕಟ್ಟಿದರೆ ಎಡ ಎಸ್‌ಎಂಎಯಿಂದ (ಚಲನೆಗೆ ತಯಾರಿ ಮಾಡುವ ಭಾಗ) ಎಡ ಎಂ1ಗೆ (ಎದುರು ಬದಿಯ ಕೈಯನ್ನು ಆಡಿಸುವ ಭಾಗ) ಪ್ಲಸ್, ಬಲ ಎಂ1ಗೆ ಮೈನಸ್. ಎಡಗೈಗೆ ಇದೇ ಚಿತ್ರ, ಎಡ-ಬಲ ಮಾತ್ರ ಅದಲು-ಬದಲು. ದೊಡ್ಡ ಮಷಿನ್‌ಗಳಲ್ಲಿ ಸಿಕ್ಕಿರುವ ಚಿತ್ರವೂ ಇದೇ ಅಲ್ವಾ?

ಎಥಿಕ್ಸ್ ಒಪ್ಪಿಗೆ ಮೊದಲೇ ಸಿಕ್ಕಿತ್ತು. ರಾತ್ರಿ ಒಂಬತ್ತರ ಮೇಲೆ ಮಷಿನ್‌ಗೆ ಗಂಟೆಗೆ ನಾಲ್ಕು ಸಾವಿರದ ಆಸುಪಾಸು ಬಾಡಿಗೆ. ಮ್ಯಾಟ್‌ಲ್ಯಾಬ್ ಲೈಸೆನ್ಸಿಗೆ ನಾನು ಪೈಸೆ ಕೊಟ್ಟಿಲ್ಲ. ಮೆದುಳಿನ ಚಿತ್ರ ವಿಶ್ಲೇಷಿಸುವ ಎಸ್‌ಪಿಎಂ ತಂತ್ರಾಂಶದ ಸ್ಟ್ಯಾಂಡ್‌ಅಲೋನ್ (ಮ್ಯಾಟ್‌ಲ್ಯಾಬ್ ಲೈಸೆನ್ಸ್ ಬೇಡದ) ಆವೃತ್ತಿ ಪುಕ್ಕಟೆ, ಡಿಸಿಎಂಗೆ ಅಷ್ಟು ಸಾಕು.

ಮೊದಲ ಸೆಟ್ ಪೂರ್ತಿ ಹೋಯಿತು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಮಾಡೆಲ್ ವಿವರಿಸಿದ ವೇರಿಯನ್ಸ್ (ಡೇಟಾದ ಏರಿಳಿತದಲ್ಲಿ ಮಾಡೆಲ್‌ಗೆ ದಕ್ಕಿದ ಪಾಲು) ಶೇ. 10 ಕೂಡ ದಾಟಲಿಲ್ಲ. ಎಲ್ಲರೂ ಮಷಿನ್‌ ಕಡೆ ಬೆರಳು ತೋರಿಸಿದರು. ನನಗೆ ನಂಬಿಕೆ ಬರಲಿಲ್ಲ. ಮುಂದಿನ ಸ್ಕ್ಯಾನ್‌ನಲ್ಲಿ ಕಿವಿಗೆ ಪ್ಲಗ್ ಹಾಕಿಕೊಂಡು ಒಳಗೇ, ಕಾಲಿನ ಕಡೆ ನಿಂತು ಕೈಗಳನ್ನೇ ನೋಡಿದೆ. ಬಲಗೈ ಮುಷ್ಟಿ ಕಟ್ಟಿದಾಗಲೆಲ್ಲಾ ಎಡಗೈಯ ಹೆಬ್ಬೆರಳು ಮೆಲ್ಲಗೆ ಅಂಗೈಯೊಳಗೆ ಸರಿಯುತ್ತಿತ್ತು. ಸುಮ್ಮನಿರಬೇಕಾದ ಕಡೆಯ ಎಂ1 ಕೂಡ ಕೆಲಸ ಮಾಡುತ್ತಿದ್ದರೆ ಮಾಡೆಲ್‌ಗೆ ತಡೆ ಎಲ್ಲಿಂದ ಕಾಣಬೇಕು? ಮೂವತ್ತೈದು ಸಾವಿರದಷ್ಟು ರೊಕ್ಕ ಹೋಯಿತು, ಆದರೆ ಹಾದಿ ಸಿಕ್ಕಿತು.

ಆಮೇಲೆ ಕೈ ಇಡುವ ರೀತಿಯನ್ನೇ ಬದಲಿಸಿದೆ. ಒಂದು ಬಟ್ಟೆ, ಒಂದು ದಿಂಬು, ಅಷ್ಟೇ. ಹೇಗೆ ಕಟ್ಟುತ್ತೇನೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮುಷ್ಟಿ ಕಟ್ಟೋಕೆ ಸೂಚನೆ ಕೊಡುವ ಬೀಪ್ ಮಷಿನ್ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಅದಕ್ಕೆ ಕಂಟ್ರೋಲ್ ರೂಮಿನ ಗಾಜಿನಾಚೆಯಿಂದ ಹಳೇ ಪ್ರೊಜೆಕ್ಟರ್ ಬಿಟ್ಟು, ಮಿಣುಕುವ ವೃತ್ತ ತೋರಿಸಿದೆ. 20 ಸೆಕೆಂಡ್ ಚಲನೆ, 20 ಸೆಕೆಂಡ್ ವಿರಾಮ.

ಎಂ1 ಗುರುತಿಸಲು ಇಡೀ ಗುಂಪಿನ ಪೀಕ್ (ಚಟುವಟಿಕೆ ಅತಿ ಹೆಚ್ಚಿರುವ ಬಿಂದು) ನೆಚ್ಚಿಕೊಳ್ಳಬೇಡಿ. ಪ್ರತಿಯೊಬ್ಬರ ಅನಾಟಮಿ ಚಿತ್ರದಲ್ಲಿ ಹ್ಯಾಂಡ್ ನಾಬ್ (ಕೈಯ ಚಲನೆ ನೋಡಿಕೊಳ್ಳುವ ಉಬ್ಬು) ಹುಡುಕಿ, ಅದಕ್ಕೆ ಹತ್ತಿರದ ಪೀಕ್ ತೆಗೆದುಕೊಳ್ಳಿ. ‘ಯಾವುದೇ ಚಲನೆ’ ಅನ್ನೋದು ಡ್ರೈವಿಂಗ್ ಇನ್‌ಪುಟ್ (ಮಾಡೆಲ್‌ಗೆ ಚಾಲನೆ ಕೊಡುವುದು); ಎಡ, ಬಲ, ಎರಡೂ ಕೈ ಅನ್ನೋವು ಬಿ ಮ್ಯಾಟ್ರಿಕ್ಸಿಗೆ (ಆಯಾ ಚಲನೆಗೆ ಸಂಪರ್ಕ ಎಷ್ಟು ಬದಲಾಗುತ್ತದೆ ಅನ್ನೋ ಕೋಷ್ಟಕ). ಇನ್‌ಪುಟ್‌ಗಳನ್ನು ಮೀನ್-ಸೆಂಟರ್ ಮಾಡಿ (ಸರಾಸರಿ ಕಳೆಯಿರಿ), ಆಗ ಎ ಮ್ಯಾಟ್ರಿಕ್ಸ್ (ಸರಾಸರಿ ಸಂಪರ್ಕದ ಕೋಷ್ಟಕ) ಓದೋದು ಸಲೀಸು. ಹೆಚ್ಚು ರೀಜನ್‌ಗಳ (ಮೆದುಳಿನ ಭಾಗಗಳ) ಆಸೆ ಬೇಡ, ನನಗೆ ನಾಲ್ಕೇ ಸಾಕಾದವು: ಎರಡು ಎಂ1, ಎರಡು ಎಸ್‌ಎಂಎ. ಪ್ರೀಮೋಟಾರ್ (ಎಂ1ನ ಮುಂದಿನ ಭಾಗ) ಸೇರಿಸಿದ ಕೂಡಲೇ ಪ್ಯಾರಾಮೀಟರ್‌ಗಳು ಒಂದಕ್ಕೊಂದು ಅಂಟಿಕೊಂಡವು, ಬೇರೆ ಮಾಡಿ ಓದೋಕಾಗಲಿಲ್ಲ. ಈಗ ವೇರಿಯನ್ಸ್ ಹೆಚ್ಚಿನವರಲ್ಲಿ ಶೇ. 30ರ ಆಚೀಚೆ ಇದೆ.

ಮಷಿನ್ ಟೈಮ್ ಉಳಿದ ರಾತ್ರಿ ಇನ್ನೊಂದು ಪ್ರಯೋಗ ಮಾಡಿದೆ. ಧಾರವಾಡದ ಕಡೆಯ ಇಬ್ಬರು ಹೆಣ್ಣುಮಕ್ಕಳು, ಕೈತುಂಬಾ ರೊಟ್ಟಿ ಬಡಿದ ಅನುಭವ. ಕೈ ಅಲುಗಿಸದೆ, ಜೋಳದ ರೊಟ್ಟಿ ಬಡಿಯೋದನ್ನು ಮನಸ್ಸಿನಲ್ಲೇ ಮಾಡಿ ಅಂದೆ. ‘ಹಿಟ್ಟು ಹಚ್ಚೂದೂ ಬೇಕೇನ್ರಿ ಸರ್?’ ಅಂತ ಒಬ್ಬರು ಕೇಳಿದರು. ಬೇಕು ಅಂದೆ. ಇಬ್ಬರಲ್ಲೂ ಎಸ್‌ಎಂಎಯಿಂದ ಎಂ1ಗೆ ಹೋಗುವ ಸಂಪರ್ಕ ಮೈನಸ್‌ಗೆ ತಿರುಗಿತು. ಕಲ್ಪನೆಯಲ್ಲಿ ಎಸ್‌ಎಂಎ ಎಂ1ನ್ನು ಅದುಮುತ್ತದೆ ಅಂತ 2008ರಲ್ಲೇ ಪ್ರಕಟವಾಗಿದೆ. ಇಬ್ಬರ ಮೇಲೆ ಏನೂ ಸಾಧಿಸೋಕಾಗಲ್ಲ, ನಿಜ. ಆದರೆ ಆ ಮೈನಸ್ ನಮ್ಮ 1.5 ಟೆಸ್ಲಾದಲ್ಲೂ ಕಾಣಿಸಿತು. ಇನ್ನೂ ಎಂಟು ಜನರ ಸ್ಕ್ಯಾನಿಗೆ ರೊಕ್ಕ ಹೊಂದಿಸುತ್ತಿದ್ದೇನೆ.