ನೋವು ಕಡಿಮೆಯಾದ ಮೇಲೆ ಆಪರೇಷನ್ ಮಾಡಿಸಿಕೊಂಡೆ

ಬಗ್ಗಿ ಮುಖ ತೊಳೆಯುತ್ತಿದ್ದೆ. ಜೋರಾಗಿ ಒಂದು ಸೀನು ಬಂತು, ಸೊಂಟದಲ್ಲಿ ಛಳಕ್ ಅಂತು. ಸಂಜೆ ಹೊತ್ತಿಗೆ ನೋವು ಬಲಗಡೆ ಪಿರ್ರೆಯಿಂದ ತೊಡೆ, ಮೀನಖಂಡದ ಹೊರಬದಿ ಹಿಡಿದು ಹೆಬ್ಬೆರಳವರೆಗೆ ಇಳಿದಿತ್ತು. ಕೂತರೆ ಜಾಸ್ತಿ, ಕೆಮ್ಮಿದರೆ ಇನ್ನೂ ಜಾಸ್ತಿ. ನಿಂತು ಗೋಡೆಗೆ ಒರಗಿದರೆ ಸ್ವಲ್ಪ ಪರವಾಗಿಲ್ಲ. ಎಂಆರ್‌ಐ ಮಾಡಿಸಿದಾಗ ಸಿಕ್ಕಿದ್ದು ಎಲ್4–ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ, ಐದನೇ ಬೆನ್ನುಮೂಳೆಗಳ ನಡುವಿನ ಮೆತ್ತೆಯ ತೊಂದರೆ.

ಕೇಳಿದವರೆಲ್ಲ 'ಡಿಸ್ಕ್ ಜಾರಿದೆ' ಅಂದರು. ಈ ಮಾತೇ ನನ್ನ ದಾರಿ ತಪ್ಪಿಸಿತು. ಜಾರಿದ್ದನ್ನು ಮತ್ತೆ ಕೂರಿಸಬಹುದು ಅನ್ನಿಸುತ್ತದೆ, ಅಲ್ವಾ? ನಿಜಕ್ಕೂ ಅಲ್ಲಿ ಏನೂ ಜಾರಿರುವುದಿಲ್ಲ. ಡಿಸ್ಕಿನ ಹೊರಗಿನ ಗಟ್ಟಿ ಉಂಗುರ ಬಿರಿದು, ಒಳಗಿನ ಮೆತ್ತನೆ ತಿರುಳು ಆಚೆ ಬಂದಿರುತ್ತದೆ. ಅದು ಪಕ್ಕದ ನರದ ಬುಡವನ್ನು ಒತ್ತುತ್ತದೆ, ಕೆರಳಿಸುತ್ತದೆ. ಅದನ್ನು ಯಾರೂ ಕೈಯಿಂದ ಒಳಗೆ ತಳ್ಳಲಾರರು.

ಮೊದಲು ನೋಡಿದ ಡಾಕ್ಟರ್ ಆಪರೇಷನ್ ಮಾತೇ ಎತ್ತಲಿಲ್ಲ. ಆಚೆ ಬಂದ ತಿರುಳನ್ನು ದೇಹ ತಾನೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಕಾಲುನೋವು ಇಳಿಯುತ್ತದೆ ಅಂದರು. ದೊಡ್ಡದಾಗಿ ಹೊರಬಂದದ್ದೇ ಎಷ್ಟೋ ಸಲ ಚೆನ್ನಾಗಿ ಕರಗುತ್ತದಂತೆ. ನಮ್ಮಣ್ಣನಿಗೆ ಹಾಗೇ ಆಗಿತ್ತು. ಅವನ ಎಂಆರ್‌ಐ ನನ್ನದಕ್ಕಿಂತ ಭಯಂಕರವಾಗಿತ್ತು, ಆದರೂ ಚಾಕು ಮುಟ್ಟಿಸದೆ ಗುಣವಾದ.

ಮಲಗಿಯೇ ಇರುವುದು ಬೇಡ ಅಂತ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ನೋವಿನ ಮಾತ್ರೆ ತಗೊಂಡು, ದಿನಕ್ಕೆ ನಾಲ್ಕೈದು ಸಲ ಹತ್ತು ನಿಮಿಷ ನಡೆಯುತ್ತಿದ್ದೆ. ಫಿಸಿಯೋ ಮೇಡಂ ಬೋರಲು ಮಲಗಿಸಿ, ಮೊಣಕೈ ಊರಿ ಎದೆ ಎತ್ತುವ ವ್ಯಾಯಾಮ ಹೇಳಿಕೊಟ್ಟರು. 'ನೋವು ಪಾದದಿಂದ ಮೇಲೇರಿ ಸೊಂಟದ ಕಡೆ ಬರುತ್ತಿದ್ದರೆ ಒಳ್ಳೆಯದು, ಸೊಂಟದಲ್ಲಿ ಸ್ವಲ್ಪ ಹೆಚ್ಚಾದರೂ ಹೆದರಬೇಡಿ. ಕೆಳಗಿಳಿದರೆ ನಿಲ್ಲಿಸಿ' ಅಂದರು. ನನಗೆ ಸಿಕ್ಕ ಸಲಹೆಗಳಲ್ಲೆಲ್ಲ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ. ನಾಲ್ಕನೇ ವಾರ ನರದ ಸುತ್ತ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ಅದು ಉರಿಯೂತ ತಗ್ಗಿಸುತ್ತದೆ, ಡಿಸ್ಕನ್ನು ಸರಿಮಾಡುವುದಿಲ್ಲ. ಆದರೂ ಎರಡು ವಾರ ಚೆನ್ನಾಗಿ ನಿದ್ದೆ ಬಂತು, ಅದೇನು ಕಡಿಮೆ ಸುಖವಲ್ಲ.

ಏಳನೇ ವಾರ ಮೀನಖಂಡದ ನೋವು ಮುಕ್ಕಾಲು ಪಾಲು ಹೋಯಿತು. ಗೆದ್ದೆ ಅಂದುಕೊಂಡೆ. ಅದೇ ವಾರದಿಂದ ಬಲಗಾಲಿನ ಚಪ್ಪಲಿ ಜಾರಿ ಹೋಗತೊಡಗಿತು. ಚಪ್ಪಲಿ ಸವೆದಿರಬೇಕು ಅಂತ ಹೊಸದು ತಗೊಂಡೆ! 'ಯಾಕ್ರೀ ಟಪ್ ಟಪ್ ಅಂತ ಹೆಜ್ಜೆ ಹಾಕ್ತೀರಿ?' ಅಂತ ಹೆಂಡತಿ ಕೇಳಿದಾಗಲೇ ಪಾದ ನೋಡಿಕೊಂಡದ್ದು. ಹಿಮ್ಮಡಿಯ ಮೇಲೆ ನಡೆಯಲು ಹೋದರೆ ಬಲಪಾದ ಮೇಲೇಳುತ್ತಲೇ ಇಲ್ಲ. ಹೆಬ್ಬೆರಳಂತೂ ಎಷ್ಟು ಹೇಳಿದರೂ ಕೇಳದು.

ಮರುದಿನವೇ ಸರ್ಜನ್ ಹತ್ತಿರ ಹೋದೆ. 'ನೋವು ಕಡಿಮೆಯಾಗಿದೆ ಸರ್' ಅಂದೆ. 'ಅದೇ ನನಗೆ ಚಿಂತೆ' ಅಂದರು. ನೋವು ಹೋಗಿ ಬಲ ಉಳಿದರೆ ಗುಣ. ನೋವಿನ ಜೊತೆ ಬಲವೂ ಹೋದರೆ ನರ ಸೋಲುತ್ತಿದೆ ಅಂತ. 2007ರಲ್ಲಿ ನೆದರ್ಲ್ಯಾಂಡ್ಸ್‌ನಿಂದ ಬಂದ ಅಧ್ಯಯನದ ಬಗ್ಗೆ ನಾನೂ ಓದಿಕೊಂಡು ಹೋಗಿದ್ದೆ. 283 ಜನರಲ್ಲಿ ಬೇಗ ಆಪರೇಷನ್ ಆದವರಿಗೆ ನೋವು ಬೇಗ ಹೋಯಿತು, ಆದರೆ ವರ್ಷದ ಕೊನೆಗೆ ಕಾದವರೂ ಅವರೂ ಹೆಚ್ಚುಕಡಿಮೆ ಒಂದೇ. ಅದನ್ನೇ ಮುಂದಿಟ್ಟೆ. ನಿಮ್ಮಷ್ಟು ಬಲ ಹೋದವರನ್ನು ಆ ಅಧ್ಯಯನಕ್ಕೆ ಸೇರಿಸಿಯೇ ಇರಲಿಲ್ಲ ಅಂದರು. ನನ್ನ ವಾದ ಅಲ್ಲಿಗೆ ಮುಗಿಯಿತು. ಮೂತ್ರ ಕಟ್ಟುತ್ತದೆಯೇ, ತೊಡೆಸಂದಿಯಲ್ಲಿ ಜೋಮು ಹಿಡಿದಿದೆಯೇ ಅಂತಲೂ ಕೇಳಿದರು. ಹಾಗಿದ್ದರೆ ಅದು ತುರ್ತು, ಒಂದು ರಾತ್ರಿಯೂ ಕಾಯುವಂತಿಲ್ಲ. ನನಗೆ ಅದಿರಲಿಲ್ಲ.

ರಾಡು, ಸ್ಕ್ರೂ ಹಾಕುತ್ತಾರೇನೋ ಅಂತ ಹೆದರಿದ್ದೆ. ಬೆನ್ನೆಲುಬು ಅಲುಗಾಡದಿದ್ದರೆ ಅದು ಬೇಕಿಲ್ಲವಂತೆ. ಮಾಡಿದ್ದು ಮೈಕ್ರೋಡಿಸೆಕ್ಟಮಿ: ಸುಮಾರು ಮೂರು ಸೆಂಟಿಮೀಟರ್ ಗಾಯ, ಮೈಕ್ರೋಸ್ಕೋಪ್ ಕೆಳಗೆ ನರ ಒತ್ತುತ್ತಿದ್ದ ತುಣುಕನ್ನಷ್ಟೇ ತೆಗೆಯುವುದು. ಡಿಸ್ಕ್ ಅಲ್ಲೇ ಇರುತ್ತದೆ. ಹಾಗಾಗಿ ಅದೇ ಜಾಗದಲ್ಲಿ ಮತ್ತೆ ತಿರುಳು ಹೊರಬರುವ ಸಾಧ್ಯತೆಯೂ ಇರುತ್ತದೆ. ಸಹಿ ಹಾಕುವ ಮೊದಲೇ ಸರ್ಜನ್ ಅದನ್ನು ಹೇಳಿದ್ದರು.

ಎಚ್ಚರವಾದಾಗ ಕಾಲಿನ ಉಳಿದ ನೋವು ಮಾಯವಾಗಿತ್ತು. ಅದೇ ಸಂಜೆ ನಡೆಸಿದರು. ಸೊಂಟದ ಬಿಗಿತ ಮಾತ್ರ ಹಾಗೇ ಇತ್ತು. ಈ ಆಪರೇಷನ್ ಕಾಲುನೋವಿಗೆ, ಸೊಂಟನೋವಿಗಲ್ಲ ಅನ್ನುವುದನ್ನು ಯಾಕೋ ಯಾರೂ ಜೋರಾಗಿ ಹೇಳುವುದಿಲ್ಲ. ಆರು ವಾರ ಭಾರ ಎತ್ತಲಿಲ್ಲ, ಬಗ್ಗಿ ತಿರುಚಲಿಲ್ಲ. ಪಾದ ಎರಡು ತಿಂಗಳಲ್ಲಿ ಏಳತೊಡಗಿತು. ಹೆಬ್ಬೆರಳಿಗೆ ಐದು ತಿಂಗಳು ಬೇಕಾಯಿತು. ಅದರ ಬುಡದಲ್ಲಿ ಬೊಟ್ಟಿನಗಲ ಜಾಗ ಇನ್ನೂ ಮರಗಟ್ಟಿದೆ. ಕಾಲುಚೀಲ ಹಾಕುವಾಗಲಷ್ಟೇ ನೆನಪಾಗುತ್ತದೆ.