500 ಗ್ರಾಂ ಪೈಲ್ವಾನನನ್ನು ಕಟ್ಟಿದ್ದು

ರೋಬೋ ಸುಮೋ ಅಂದರೆ ರೋಬೋಟ್‌ಗಳ ಕುಸ್ತಿ. ಜಪಾನಿನಲ್ಲಿ 1980ರ ದಶಕದ ಕೊನೆಗೆ ಶುರುವಾದ ಆಟ ಇದು. ಮಿನಿ ಸುಮೋ ವಿಭಾಗದಲ್ಲಿ ಅಖಾಡ ಅಂದರೆ 77 ಸೆಂ.ಮೀ. ಅಗಲದ ದುಂಡನೆ ಹಲಗೆ. ನಡುವೆಲ್ಲಾ ಕಪ್ಪು, ಸುತ್ತ 2.5 ಸೆಂ.ಮೀ. ಬಿಳಿ ಅಂಚು. ರೋಬೋಟ್‌ನ ಉದ್ದ, ಅಗಲ ಎರಡೂ 10 ಸೆಂ.ಮೀ. ಒಳಗಿರಬೇಕು. ತೂಕ 500 ಗ್ರಾಂ ದಾಟಬಾರದು. ಗುಂಡಿ ಒತ್ತಿದ ಮೇಲೆ 5 ಸೆಕೆಂಡ್ ಸುಮ್ನೆ ನಿಲ್ಲಬೇಕು. ಆಮೇಲೆ ರಿಮೋಟ್ ಇಲ್ಲದೆ ತಾನೇ ಎದುರಾಳಿಯನ್ನು ಹುಡುಕಿ ಆಚೆಗೆ ತಳ್ಳಬೇಕು. ಮೂರು ಸುತ್ತಿನಲ್ಲಿ ಎರಡು ಗೆದ್ದವರು ಗೆದ್ದ ಹಾಗೆ.

ನಾವು ಮೂರು ಜನ, ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವವರು. ನಾನು ಮೆಕ್ಯಾನಿಕಲ್. ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುವ ಗೆಳೆಯ ಎಲೆಕ್ಟ್ರಾನಿಕ್ಸ್. ಕೊರಟಗೆರೆಯ ಗೆಳತಿ ಕಂಪ್ಯೂಟರ್ ಸೈನ್ಸ್, ಕೋಡ್ ಎಲ್ಲಾ ಅವಳದ್ದೇ. ಕ್ಯಾತ್ಸಂದ್ರದಲ್ಲಿ ನನ್ನ ಬಾಡಿಗೆ ರೂಮೇ ನಮ್ಮ ವರ್ಕ್‌ಶಾಪ್. ಕೆಳಗೆ ಹೋಟೆಲು, ಬೆಳಗ್ಗೆ ಆರಕ್ಕೇ ತಟ್ಟೆ ಇಡ್ಲಿಯ ಹಬೆ ಮೇಲೆ ಬರುತ್ತಿತ್ತು. ರಾತ್ರಿಯೆಲ್ಲಾ ಎದ್ದಿದ್ದು ಬೆಳಗ್ಗೆ ಅಲ್ಲೇ ತಿಂದು ಕಾಲೇಜಿಗೆ ಹೋದ ದಿನಗಳು ಬೇಕಾದಷ್ಟಿವೆ.

ರೋಬೋಟ್‌ಗಿಂತ ಮೊದಲು ಅಖಾಡ ಮಾಡಿಕೊಂಡೆವು. ಹೊಸದಾಗಿ ಶುರು ಮಾಡುವವರಿಗೂ ಮೊದಲು ಅದನ್ನೇ ಮಾಡಿ ಅಂತೀನಿ. ಪ್ಲೈವುಡ್ ನಡುವೆ ಮೊಳೆ ಹೊಡೆದು, ದಾರಕ್ಕೆ ಪೆನ್ಸಿಲ್ ಕಟ್ಟಿ, 38.5 ಸೆಂ.ಮೀ.ಗೆ ಒಂದು ವೃತ್ತ, 36ಕ್ಕೆ ಇನ್ನೊಂದು ಎಳೆದೆವು. ಮೊದಲು ಹೊಳೆಯುವ ಕಪ್ಪು ಪೇಂಟ್ ಬಳಿದಿದ್ದೆವು. ಅಂಚು ನೋಡುವ ಸೆನ್ಸರ್ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಎಷ್ಟು ಬಂತು ಅಂತ ನೋಡುತ್ತದೆ. ಬಿಳಿ ಜಾಸ್ತಿ ವಾಪಸ್ ಕಳಿಸುತ್ತದೆ, ಕಪ್ಪು ಕಡಿಮೆ. ಆದರೆ ಹೊಳೆಯುವ ಕಪ್ಪು ಕೆಲವು ಕಡೆ ಬಿಳಿಯ ಹಾಗೇ ಕಾಣಿಸುತ್ತಿತ್ತು. ಉಜ್ಜಿ ತೆಗೆದು ಮಂಕು ಕಪ್ಪು ಬಳಿದೆವು. ಕಿಟಕಿಯ ಬಿಸಿಲು ಬಿದ್ದರೂ ಇದೇ ತಾಪತ್ರಯ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದಲ್ವಾ?

ಮೋಟರ್ ವಿಷಯಕ್ಕೆ ಬರುತ್ತೇನೆ. ನಾನು ಜಾಸ್ತಿ ದಿನ ಕಳೆದದ್ದು ಇಲ್ಲೇ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಎನ್20 ಅನ್ನುವ ಪುಟ್ಟ ಗೇರ್ ಮೋಟರ್ ತಂದಿದ್ದೆ. ನಿಮಿಷಕ್ಕೆ 1000 ಸುತ್ತಿನದ್ದು. ಖಾಲಿ ಅಖಾಡದಲ್ಲಿ ಬಾಣದ ಹಾಗೆ ಓಡಿತು. ಎದುರಿಗೆ ಅರ್ಧ ಕೆ.ಜಿ. ಸಕ್ಕರೆ ಪೊಟ್ಟಣ ಇಟ್ಟೆವು. ಅಲುಗಲಿಲ್ಲ. ಇನ್ನೂ ದೊಡ್ಡ ಮೋಟರ್ ತರೋಣ ಅಂದ ಗುಬ್ಬಿಯ ಗೆಳೆಯ. ನನಗೆ ಮೊದಲು ಅಳೆದು ನೋಡಬೇಕು ಅನ್ನಿಸಿತು.

ಊರಿಗೆ ಹೋಗುವಾಗ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಅದನ್ನು ಗೋಡೆಗೆ ಕಟ್ಟಿ, ದಾರದ ತುದಿಗೆ ರೋಬೋಟ್ ಕಟ್ಟಿ ಮುಂದಕ್ಕೆ ಓಡಿಸಿದೆವು. ಎಷ್ಟು ಗ್ರಾಂ ಎಳೆಯಿತು ಅನ್ನುವುದರ ಜೊತೆಗೆ ಚಕ್ರ ಏನು ಮಾಡುತ್ತಿದೆ ಅಂತಲೂ ನೋಡಬೇಕು. ಚಕ್ರ ನಿಂತುಬಿಟ್ಟರೆ ಮೋಟರಿಗೆ ಕಸುವಿಲ್ಲ. ಚಕ್ರ ತಿರುಗುತ್ತಾ ನಿಂತಲ್ಲೇ ಜಾರುತ್ತಿದ್ದರೆ ಮೋಟರ್ ಸರಿಯಿದೆ, ನೆಲದ ಹಿಡಿತ ಸಾಲದು. ನಮ್ಮದು ನಿಂತೇ ಹೋಯಿತು. 300 ಸುತ್ತಿನ ಮೋಟರ್ ಹಾಕಿದೆವು. ಗಾತ್ರ ಅದೇ, ಗೇರ್ ಮಾತ್ರ ಬೇರೆ: ವೇಗ ಕಡಿಮೆ, ಕಸುವು ಜಾಸ್ತಿ. ಈಗ ಚಕ್ರ ಜಾರತೊಡಗಿತು. ತಕ್ಕಡಿ 190 ಗ್ರಾಂ ತೋರಿಸಿತು. ಇನ್ನು ಮೋಟರ್ ಎಷ್ಟು ದೊಡ್ಡದು ಹಾಕಿದರೂ ಒಂದು ಗ್ರಾಂ ಜಾಸ್ತಿ ಬರುವುದಿಲ್ಲ ಅಂತ ಆಗ ಗೊತ್ತಾಯಿತು.

ಲೆಕ್ಕ ಕಷ್ಟದ್ದಲ್ಲ. ರೋಬೋಟ್ ತಳ್ಳುವ ಬಲ ಚಕ್ರದ ಮೇಲೆ ಕೂತ ತೂಕ ಮತ್ತು ಟೈರಿನ ಹಿಡಿತ ಎರಡರ ಗುಣಲಬ್ಧವನ್ನು ಮೀರುವುದಿಲ್ಲ. ಹಿಡಿತದ ಅಂಕಿ 1 ಅಂತ ಇಟ್ಟುಕೊಂಡರೆ, 500 ಗ್ರಾಂ ಪೂರ್ತಿ ಚಕ್ರದ ಮೇಲಿದ್ದರೂ ತಳ್ಳುವುದು 500 ಗ್ರಾಂ ಅಷ್ಟೇ. ನಮ್ಮ ಚಕ್ರದ ವ್ಯಾಸ 32 ಮಿ.ಮೀ., ಅಂದರೆ ತ್ರಿಜ್ಯ 1.6 ಸೆಂ.ಮೀ. 500ನ್ನು 1.6ರಿಂದ ಗುಣಿಸಿದರೆ 800. ಎರಡು ಮೋಟರ್ ಹಂಚಿಕೊಂಡರೆ ಒಂದೊಂದಕ್ಕೆ 400 ಗ್ರಾಂ-ಸೆಂ.ಮೀ. ತಿರುಚುಬಲ, ಅಂದರೆ ಚಕ್ರ ತಿರುಗಿಸುವ ಕಸುವು, ಸಾಕು. ಹಾಗಾಗಿ ಮೋಟರ್ ಚಿಂತೆ ಬಿಟ್ಟು ತೂಕದ ಹಿಂದೆ ಬಿದ್ದೆವು.

ಚಕ್ರ ಎರಡೂ ಹಿಂದೆ, ಮುಂದೆ ನೆಲಕ್ಕೆ ತಾಗುವ ಇಳಿಜಾರು ತಗಡು. ಚಕ್ರದ ಕೆಳಗೆ ತಕ್ಕಡಿ, ತಗಡಿನ ಕೆಳಗೆ ಅಷ್ಟೇ ಎತ್ತರಕ್ಕೆ ನೋಟ್‌ಬುಕ್ ಇಟ್ಟು ತೂಗಿದೆ. ಒಟ್ಟು 430 ಗ್ರಾಂನಲ್ಲಿ ಚಕ್ರದ ಪಾಲು 310 ಮಾತ್ರ. ಉಳಿದ 120 ಗ್ರಾಂ ತಗಡಿನ ಮೇಲೆ ಸುಮ್ನೆ ನೆಲ ಕೆರೆಯುತ್ತಿತ್ತು. ಬ್ಯಾಟರಿಯನ್ನು ಚಕ್ರದ ಅಚ್ಚಿನ ಮೇಲಕ್ಕೆ ಸರಿಸಿದೆವು. ಇನ್ನೂ 70 ಗ್ರಾಂ ತುಂಬಲು ಜಾಗವಿತ್ತು. ಆದರೆ ಪುಟ್ಟದಾದ ಭಾರದ ವಸ್ತು ಎಲ್ಲಿ ಸಿಗಬೇಕು? ಬಿ.ಎಚ್. ರಸ್ತೆಯ ಟೈರ್ ಅಂಗಡಿಯಲ್ಲಿ ಸಿಕ್ಕಿತು. ಕಾರಿನ ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುವ ತೂಕದ ಪಟ್ಟಿ. ಐದು, ಹತ್ತು ಗ್ರಾಂನ ತುಂಡುಗಳು, ಹಿಂದೆ ಅಂಟು ಬೇರೆ ಇರುತ್ತದೆ. ಅಂಗಡಿಯ ಅಣ್ಣ ಯಾವ ಗಾಡಿಗೆ ಅಂತ ಕೇಳಿದರು. ಜೇಬಿನಿಂದ ರೋಬೋಟ್ ತೆಗೆದು ತೋರಿಸಿದೆ. ಕೈಯಲ್ಲಿ ಹಿಡಿದು ಚಕ್ರ ತಿರುಗಿಸಿ ನೋಡಿದರು. "ಟೈರ್ ಗಟ್ಟಿ ಆಯ್ತು ಕಣಪ್ಪಾ, ಮೆತ್ತಗಿರೋದು ಹಾಕು, ಹಿಡ್ಕೊಳ್ಳುತ್ತೆ" ಅಂದರು. ದುಡ್ಡು ತಗೊಳ್ಳಲಿಲ್ಲ.

ಅವರ ಮಾತು ಕೇಳಿಯೇ ಟೈರ್ ನಾವೇ ಎರಕ ಹೊಯ್ದೆವು. ಎರಡು ದ್ರವ ಬೆರೆಸಿದರೆ ರಬ್ಬರಿನಂತೆ ಗಟ್ಟಿಯಾಗುವ ಸಿಲಿಕೋನ್ ಸಿಗುತ್ತದೆ. ಮೊದಲ ಎರಕದಲ್ಲಿ ಗಾಳಿಗುಳ್ಳೆ ತುಂಬಿ ಟೈರ್ ಹರಿಯಿತು. ಎರಡನೇ ಸಲ ಬಹಳ ನಿಧಾನವಾಗಿ, ದಾರದಷ್ಟು ಸಣ್ಣ ಧಾರೆಯಾಗಿ ಸುರಿದೆವು. ಕೊನೆಗೆ ಒಟ್ಟು ತೂಕ 498, ಚಕ್ರದ ಮೇಲೆ 440. ಕೊಕ್ಕೆ ತಕ್ಕಡಿ 460 ತೋರಿಸಿತು! 190 ಎಲ್ಲಿ, 460 ಎಲ್ಲಿ. ಮೋಟರ್ ಅದೇ. ಆದರೆ ಈ ಟೈರಿಗೆ ಧೂಳು ಬೇಗ ಹಿಡಿಯುತ್ತದೆ. ಪ್ರತಿ ಸುತ್ತಿಗೂ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಲೇಬೇಕು.

ಎಲೆಕ್ಟ್ರಾನಿಕ್ಸ್ ಅಷ್ಟು ಕಾಡಲಿಲ್ಲ. ಕೋಡ್ ಓಡಿಸಲು ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಬೋರ್ಡ್, 7.4 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಬೋರ್ಡ್ ಹೇಳಿದ ಹಾಗೆ ಮೋಟರಿಗೆ ಕರೆಂಟ್ ಕೊಡುವುದು ಡ್ರೈವರ್ ಚಿಪ್. ಎಲ್ಲರೂ ಹಾಕುವ ಎಲ್298 ಡ್ರೈವರ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ, ಅದಕ್ಕೆ ಟಿಬಿ6612 ಹಾಕಿದೆವು. ಎದುರಾಳಿಯನ್ನು ನೋಡಲು ದೂರ ಅಳೆಯುವ ವಿಎಲ್53ಎಲ್0ಎಕ್ಸ್ ಲೇಸರ್ ಸೆನ್ಸರ್ ಮೂರು. ಮೂರಕ್ಕೂ ಕಾರ್ಖಾನೆಯಲ್ಲೇ ಒಂದೇ ವಿಳಾಸ ಕೊಟ್ಟಿರುತ್ತಾರೆ. ಕರೆದರೆ ಮೂರೂ ಒಟ್ಟಿಗೆ ಓಗೊಡುತ್ತವೆ. ಎಲ್ಲವನ್ನೂ ಮಲಗಿಸಿ, ಒಂದೊಂದನ್ನೇ ಎಬ್ಬಿಸಿ ಹೊಸ ವಿಳಾಸ ಕೊಡಬೇಕು.

ನಮ್ಮ ನಿದ್ದೆ ಕೆಡಿಸಿದ್ದು ಬೇರೆ. ರೋಬೋಟ್ ಬಿಳಿ ಅಂಚು ಕಂಡರೂ ನಿಲ್ಲದೆ ಕೆಳಗೆ ಬೀಳುತ್ತಿತ್ತು. ಹತ್ತರಲ್ಲಿ ಆರು ಸಲ ಸರಿ, ನಾಲ್ಕು ಸಲ ನೆಲಕ್ಕೆ. ಅಂಚಿನ ಸೆನ್ಸರ್ ಬದಲಿಸಿದೆವು. ವೈರ್ ಬದಲಿಸಿದೆವು. ಗೆಳತಿ ಅಂಕಿಗಳನ್ನೆಲ್ಲಾ ತಿದ್ದಿ ನೋಡಿದಳು. ಆಮೇಲೆ ಒಂದು ರಾತ್ರಿ ಸೆನ್ಸರ್ ಬಿಳಿ ಕಂಡ ಕೂಡಲೇ ತಾನೇ ಉರಿಯುವ ಹಾಗೆ ಒಂದು ಕೆಂಪು ಎಲ್‌ಇಡಿ ಜೋಡಿಸಿ, ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಸ್ಲೋ ಮೋಷನ್ ವಿಡಿಯೋ ತೆಗೆದೆವು. ಒಂದೊಂದೇ ಫ್ರೇಮ್ ಸರಿಸುತ್ತಾ ಮೂವರೂ ಬಗ್ಗಿ ನೋಡಿದೆವು. ಎಲ್‌ಇಡಿ ಹತ್ತಿತು. ಚಕ್ರ ಮುಂದಕ್ಕೇ ತಿರುಗುತ್ತಿದೆ. ಹತ್ತು ಫ್ರೇಮ್, ಹದಿನೈದು, ಇಪ್ಪತ್ತು. ಇಪ್ಪತ್ತನಾಲ್ಕನೇ ಫ್ರೇಮಿಗೆ ಚಕ್ರ ಹಿಂದಕ್ಕೆ ತಿರುಗಿತು. ಅಷ್ಟರಲ್ಲಿ ರೋಬೋಟ್‌ನ ಮೂತಿ ಗಾಳಿಯಲ್ಲಿತ್ತು.

24 ಫ್ರೇಮ್ ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ನಮ್ಮ ವೇಗ ಸೆಕೆಂಡಿಗೆ 50 ಸೆಂ.ಮೀ. ಅಷ್ಟರಲ್ಲಿ 5 ಸೆಂ.ಮೀ. ಹೋಗಿರುತ್ತದೆ. ಅಂಚು ಇರುವುದೇ 2.5! ಗೆಳತಿ ತಟ್ಟನೆ ಲ್ಯಾಪ್‌ಟಾಪ್ ಎಳೆದುಕೊಂಡಳು. ಲೇಸರ್ ಸೆನ್ಸರ್ ಒಂದು ಅಳತೆಗೆ ಸುಮಾರು 33 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಮೂರನ್ನೂ ಒಂದಾದ ಮೇಲೊಂದು ಓದಿದರೆ ನೂರು. ಅಷ್ಟು ಹೊತ್ತೂ ನ್ಯಾನೊ ಉತ್ತರಕ್ಕೆ ಕಾಯುತ್ತಾ ಕೂತಿರುತ್ತದೆ, ಅಂಚಿನ ಕಡೆ ನೋಡುವುದೇ ಇಲ್ಲ. ಅಂಚಿನ ಸೆನ್ಸರ್ ಓದಲು ಒಂದು ಮಿಲಿಸೆಕೆಂಡ್ ಕೂಡ ಬೇಡ. ಅವಳು ಕೋಡ್ ತಿರುಗಿಸಿ ಬರೆದಳು. ಪ್ರತಿ ಸಲವೂ ಮೊದಲು ಅಂಚು ನೋಡು. ಆಮೇಲೆ ಲೇಸರ್‌ಗೆ ಅಳತೆ ಸಿದ್ಧವಿದೆಯಾ ಅಂತ ಕೇಳು, ಇಲ್ಲ ಅಂದರೆ ಕಾಯದೆ ಮುಂದೆ ಹೋಗು. ಬೆಳಗಿನ ಜಾವದವರೆಗೆ ಐವತ್ತು ಸಲ ಓಡಿಸಿದೆವು. ಒಂದು ಸಲವೂ ಬೀಳಲಿಲ್ಲ. ಆ ಖುಷಿ ಈಗಲೂ ನೆನಪಿದೆ.

ಸ್ಪರ್ಧೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ. ಬೆಳಗಿನ ರೈಲಿಗೆ ಹೊರಟೆವು, ರೋಬೋಟ್ ಟಿಫನ್ ಡಬ್ಬಿಯಲ್ಲಿ, ಸುತ್ತ ಹಳೇ ಟವೆಲ್. ಮೊದಲ ಎರಡು ಪಂದ್ಯ ಗೆದ್ದೆವು. ಎರಡನೆಯದರಲ್ಲಿ ಎದುರಾಳಿ ನಮಗಿಂತ ಜೋರಾಗಿ ನುಗ್ಗಿ ಬಂತು. ಆದರೆ ಮೂತಿಗೆ ಮೂತಿ ತಾಗಿದ ಮೇಲೆ ಅದರ ಚಕ್ರ ತಿರುಗುತ್ತಾ ಜಾರತೊಡಗಿತು. ನಮ್ಮದು ಮೆಲ್ಲಗೆ, ಒಂದೇ ಸಮನೆ ತಳ್ಳುತ್ತಾ ಹೋಯಿತು. ಟೈರ್ ಅಂಗಡಿಯ ಅಣ್ಣ ಇದನ್ನು ನೋಡಬೇಕಿತ್ತು ಅನ್ನಿಸಿತು.

ಮೂರನೇ ಪಂದ್ಯ ಸೋತೆವು. ಎರಡೂ ಸುತ್ತಿನಲ್ಲಿ ಅವರ ತಗಡು ನಮ್ಮ ತಗಡಿನ ಕೆಳಗೆ ನುಗ್ಗಿತು, ನಮ್ಮ ಮೂತಿ ಎದ್ದಿತು, ಹಿಡಿತ ತಪ್ಪಿತು. ಪಂದ್ಯ ಮುಗಿದ ಮೇಲೆ ಅವರ ಹತ್ತಿರ ಹೋಗಿ, ಒಂದು ನಿಮಿಷ ನಿಮ್ಮ ರೋಬೋಟ್ ಕೊಡ್ತೀರಾ ಅಂತ ಕೇಳಿದೆ. ಖುಷಿಯಿಂದ ಕೊಟ್ಟರು. ಎರಡನ್ನೂ ಅಖಾಡದ ಮೇಲೆ ಅಕ್ಕಪಕ್ಕ ಇಟ್ಟು ಮೂತಿಯ ಕೆಳಗೆ ಕಾಗದದ ಚೂರು ತೂರಿಸಿ ನೋಡಿದೆ. ನಮ್ಮದು ಒಂದು ಮೂಲೆಯಲ್ಲಷ್ಟೇ ನೆಲಕ್ಕೆ ತಾಗಿತ್ತು, ಇನ್ನೊಂದು ಕಡೆ ಎರಡು ಹಾಳೆ ಸಲೀಸಾಗಿ ಹೋಯಿತು. ಅವರದರ ಕೆಳಗೆ ಒಂದೂ ಹೋಗಲಿಲ್ಲ. ಅವರ ತಗಡು ಕೀಲಿನ ಮೇಲಿತ್ತು, ತನ್ನ ಭಾರಕ್ಕೆ ತಾನೇ ಬಾಗಿ ನೆಲಕ್ಕೆ ಕೂರುತ್ತಿತ್ತು. ನಮ್ಮದನ್ನು ನಾನು ಸ್ಕ್ರೂ ಹಾಕಿ ಬಿಗಿದಿದ್ದೆ.

ವಾಪಸ್ ಬರುವಾಗ ರೈಲಿನಲ್ಲೇ ಕೀಲಿನ ಚಿತ್ರ ಬರೆದೆ. ಮರುದಿನ ಅಂತರಸನಹಳ್ಳಿಯ ಲೇತ್ ಅಂಗಡಿಗೆ ಕೊಟ್ಟು ಬಂದಿದ್ದೇನೆ. ತಗಡು 0.5 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್, ಕೀಲಿಗೆ 2 ಮಿ.ಮೀ. ಕಡ್ಡಿ. ಶನಿವಾರ ಸಿಗುತ್ತದೆ.